ಅರೆ ದುಡಿಮೆಗೆ ಜಾಗ ಕೊಡದ ಯುವನಿಧಿ

ಓದು ಮುಗಿದು ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಗಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಕರ್ನಾಟಕ ಸರ್ಕಾರದ ಯುವನಿಧಿ ಯೋಜನೆಯನ್ನು ಬಿಟ್ಟಿ ದುಡ್ಡು ಎಂದು ಜರೆದವರು ಬಹಳ. ನಾನು ಆ ಪೈಕಿ ಅಲ್ಲ. ಪಕ್ಕದ ಕೇರಳದಲ್ಲಿ ನಿರುದ್ಯೋಗ ವೇತನ ಬಹುಕಾಲ 120 ರೂಪಾಯಿಯಲ್ಲೇ ನಿಂತಿದ್ದನ್ನು ನೋಡಿದವರಿಗೆ ಇದು ದೊಡ್ಡ ಹೆಜ್ಜೆ. ‘ನನಗೆ ಕೆಲಸವಿಲ್ಲ’ ಎಂದು ಹುಡುಗ ಹೇಳಿದರೆ ಸರ್ಕಾರ ಆ ಮಾತನ್ನು ನಂಬುತ್ತದೆ. ಈ ನಂಬಿಕೆ ಯೋಜನೆಯ ನಿಜವಾದ ಗುಣ.

ತೊಡಕಿರುವುದು ‘ಕೆಲಸ’ ಎಂದರೆ ಏನೆಂದು ಅದು ತಿಳಿದುಕೊಂಡ ರೀತಿಯಲ್ಲಿ. ತಿಂಗಳ ಮೊದಲ ವಾರ ಸಂಬಳ ಬಿದ್ದರೆ ಉದ್ಯೋಗಿ, ಬೀಳದಿದ್ದರೆ ನಿರುದ್ಯೋಗಿ. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬದ ಹುಡುಗರು ಕೆಲಸಕ್ಕೆ ಇಳಿಯುವುದು ಹೀಗಲ್ಲ. ಬಿ.ಕಾಂ. ಮುಗಿಸಿದವನು ಮದುವೆಯ ಆಲ್ಬಂ ಡಿಸೈನ್ ಮಾಡುತ್ತಾನೆ, ಬ್ರಹ್ಮಕಲಶದ ಬ್ಯಾನರಿಗೆ ಅಕ್ಷರ ಜೋಡಿಸುತ್ತಾನೆ, ಯಕ್ಷಗಾನದ ವಿಡಿಯೊ ಎಡಿಟ್ ಮಾಡುತ್ತಾನೆ. ದೀಪಾವಳಿ ಕಳೆದ ಮೇಲೆ ಶುರುವಾದ ಕೆಲಸ ಕುಕ್ಕೆಯ ಚಂಪಾಷಷ್ಠಿ, ಏಪ್ರಿಲ್‌ನ ಪುತ್ತೂರು ಜಾತ್ರೆ ದಾಟಿ ಮೇ ತಿಂಗಳ ಪತ್ತನಾಜೆಗೆ ನಿಲ್ಲುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆ. ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ, ದೈವದ ನೇಮವೂ ಇಲ್ಲ. ಫೆಬ್ರವರಿಯಲ್ಲಿ ಎಂಟು ಸಾವಿರ ಕಂಡ ಕೈಗೆ ಜುಲೈಯಲ್ಲಿ ಮೊಬೈಲ್ ರೀಚಾರ್ಜಿಗೂ ಗತಿಯಿಲ್ಲ. ಇವನು ಉದ್ಯೋಗಿಯೋ, ನಿರುದ್ಯೋಗಿಯೋ?

ಸ್ವಯಂ ಘೋಷಣೆಯಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. ಮೊದಲು ಪ್ರತಿ ತಿಂಗಳು 25ರೊಳಗೆ, ಆಮೇಲೆ ಮೂರು ತಿಂಗಳಿಗೊಮ್ಮೆ, ತಾನು ಉದ್ಯೋಗದಲ್ಲಿಲ್ಲ, ಮುಂದೆ ಓದುತ್ತಲೂ ಇಲ್ಲ ಎಂದು ಫಲಾನುಭವಿ ಸೇವಾ ಸಿಂಧು ಜಾಲತಾಣದಲ್ಲಿ ದೃಢೀಕರಿಸಬೇಕು. ಹೇಳಿದ್ದು ಸುಳ್ಳೆಂದು ತಿಳಿದರೆ ಕ್ರಮ ಉಂಟು.

ಕಡಬದ ಕಡೆಯ ಒಬ್ಬ ಹುಡುಗ ಇದಕ್ಕೆ ಕಂಡುಕೊಂಡ ದಾರಿ ನನ್ನನ್ನು ಬಹಳ ಕಾಡಿತು. ಭತ್ಯೆ ಬರುವ ಆಧಾರ್ ಜೋಡಿಸಿದ ಖಾತೆಗೆ ಆಲ್ಬಮ್ಮಿನ ದುಡ್ಡು ಬಿದ್ದರೆ ಸಿಕ್ಕಿಬೀಳುತ್ತೇನೆಂಬ ಹೆದರಿಕೆ ಅವನಿಗೆ. ಹಾಗಾಗಿ ಸ್ಟುಡಿಯೊದವರಿಗೆ ಅಮ್ಮನ ನಂಬರಿಗೆ ಹಾಕಿ ಎನ್ನುತ್ತಾನೆ, ಇಲ್ಲವೇ ನಗದು ಕೇಳುತ್ತಾನೆ. ಬಿಲ್ ಕೊಡುವುದಿಲ್ಲ, ಕಾರ್ಡ್ ಮಾಡಿಸಿಲ್ಲ, ಇನ್‌ಸ್ಟಾಗ್ರಾಂನಲ್ಲಿ ತನ್ನ ಕೆಲಸ ತೋರಿಸುವುದಕ್ಕೂ ಅಂಜಿಕೆ. ಸ್ವಂತ ಕಸುಬು ಕಟ್ಟುವವನು ಊರಿಗೆಲ್ಲ ತನ್ನ ಹೆಸರು ಸಾರಬೇಕಾದ ಎರಡು ವರ್ಷ ಇವು. ನಾಳೆ ಒಳ್ಳೆಯ ಕಂಪ್ಯೂಟರಿಗೆ ಮುದ್ರಾ ಸಾಲ ಕೇಳಲು ಹೋದರೆ ಬ್ಯಾಂಕಿನವರು ಮೊದಲು ಕೇಳುವುದು ಖಾತೆಯ ವಹಿವಾಟು. ಅವನ ಖಾತೆಯಲ್ಲಿ ಕಾಣುವುದು ಯುವನಿಧಿಯ ಮೂರು ಸಾವಿರ ಮಾತ್ರ.

ಸಾಲದ ಷರತ್ತಂತೂ ಇನ್ನೂ ಅನ್ಯಾಯದ್ದು. ಸರ್ಕಾರದ ಯೋಜನೆಯಲ್ಲೋ ಬ್ಯಾಂಕಿನಲ್ಲೋ ಸಾಲ ಪಡೆದು ಸ್ವಯಂ ಉದ್ಯೋಗಕ್ಕೆ ಇಳಿದವರಿಗೆ ಯುವನಿಧಿ ಇಲ್ಲ. ಅಪ್ಪನ ಅಡಿಕೆ ದುಡ್ಡಿನಲ್ಲಿ ಕ್ಯಾಮೆರಾ ಕೊಂಡವನಿಗೆ ಈ ಬಾಧೆಯಿಲ್ಲ. ತೋಟವಿಲ್ಲದ ಮನೆಯವನು, ಸಂಪಾಜೆ ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡ ಮನೆಯವನು ಬ್ಯಾಂಕಿಗೆ ಹೋಗುತ್ತಾನೆ. ಒಂದು ರೂಪಾಯಿ ಸಂಪಾದಿಸುವ ಮೊದಲೇ ಕಂತು ಶುರುವಾಗುತ್ತದೆ, ಭತ್ಯೆಯ ಬಾಗಿಲೂ ಮುಚ್ಚುತ್ತದೆ. ಯಾರಿಗೆ ಆಸರೆ ಹೆಚ್ಚು ಬೇಕೋ ಅವರನ್ನೇ ಹೊರಗಿಡುವ ನಿಯಮಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುತ್ತಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಜರ್ಮನಿಯಲ್ಲಿ ನಿರುದ್ಯೋಗ ಭತ್ಯೆ ಪಡೆಯುವವರು ವಾರಕ್ಕೆ 15 ಗಂಟೆಗಿಂತ ಕಡಿಮೆ ಅವಧಿ ದುಡಿಯಬಹುದು. ತಿಂಗಳಿಗೆ 165 ಯೂರೊವರೆಗಿನ ಗಳಿಕೆಗೆ ಕಡಿತವಿಲ್ಲ, ಮೀರಿದ್ದಷ್ಟೇ ಭತ್ಯೆಯಲ್ಲಿ ವಜಾ. ಸ್ವಂತ ಉದ್ಯೋಗಕ್ಕೆ ಇಳಿಯುವವರಿಗೆ ಆರು ತಿಂಗಳು ಭತ್ಯೆಯಷ್ಟೇ ಹಣದ ಮೇಲೆ 300 ಯೂರೊ ಸೇರಿಸಿ ಕೊಡುವ ಅನುದಾನವೂ ಅಲ್ಲಿದೆ. ಅದು ದುಡಿಯುವವರ ವಂತಿಗೆಯಿಂದ ನಡೆಯುವ ವಿಮೆ, ನಮ್ಮದು ಬೊಕ್ಕಸದ ಹಣ. ಅಷ್ಟು ಕೇಳುವುದು ಸರಿಯಲ್ಲ. ಆದರೆ ಗಳಿಕೆಯನ್ನು ಲೆಕ್ಕ ಹಾಕುವ ಆ ಕ್ರಮವನ್ನು ತರಲು ಖರ್ಚೇನೂ ಇಲ್ಲ.

ಮೂರು ತಿಂಗಳ ಘೋಷಣೆಯಲ್ಲಿ ‘ಬಿಡಿ ಕೆಲಸದಿಂದ ಬಂದ ಹಣ’ ಎಂಬ ಒಂದು ಕಾಲಂ ಸೇರಲಿ. ಅದು ಹದಿನೈದು ಸಾವಿರ ಮುಟ್ಟುವವರೆಗೆ ಭತ್ಯೆ ಪೂರ್ತಿ ಬರಲಿ, ಮೇಲೆ ಹೋದಂತೆ ಇಳಿಯಲಿ. ಸಾಲ ತೆಗೆದವರನ್ನು ಮೊದಲ ವರ್ಷವಾದರೂ ಒಳಗೇ ಇಟ್ಟುಕೊಳ್ಳಲಿ. ಹಾಗಾದರೆ ಕಡಬದ ಆ ಹುಡುಗ ಆಲ್ಬಮ್ಮಿನ ದುಡ್ಡನ್ನು ತನ್ನ ಖಾತೆಗೇ ಹಾಕಿಸಿಕೊಳ್ಳಬಹುದು.