ಪರದೇಶದ ಮಡಿಲು
(ದತ್ತುಶಿಶುವಿನ ಮೊದಲ ದಿನವನ್ನು ಕುರಿತ ಮೂರು ಕೃತಿಗಳ ವಿಮರ್ಶೆ)

ವಾತ್ಸಲ್ಯವನ್ನು ರಸಗಳ ಪಂಕ್ತಿಯಲ್ಲಿ ಕುಳ್ಳಿರಿಸಬೇಕೆ ಬೇಡವೆ ಎಂಬ ಚರ್ಚೆ ಆಲಂಕಾರಿಕರಲ್ಲಿ ಬಹುಕಾಲ ನಡೆಯಿತು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ತನ್ನ 'ಸಾಹಿತ್ಯದರ್ಪಣ'ದಲ್ಲಿ ಅದಕ್ಕೂ ಒಂದು ಸ್ಥಾನವನ್ನು ಕೊಟ್ಟನು. ಆ ಲಕ್ಷಣದಂತೆ ಮಗುವು ಆಲಂಬನ. ಅದರ ಚೇಷ್ಟೆ ಮೊದಲಾದುವು ಉದ್ದೀಪನ. ಭಾವಕ್ಕೆ ಆಶ್ರಯವಾಗುವುದು ತಾಯ್ತಂದೆಗಳ ಹೃದಯ. ಮನೆಯಲ್ಲಿಯೇ ಹುಟ್ಟಿದ ಕೂಸಿನ ವಿಷಯದಲ್ಲಿ ಈ ವಿಭಾಗವು ಒಪ್ಪತಕ್ಕುದೇ ಸರಿ. ಆದರೆ ಕಡಲಾಚೆಯ ನಾಡಿನಿಂದ, ಬೇರೊಂದು ನುಡಿಯ ನಡುವಿನಿಂದ, ದತ್ತುವಾಗಿ ಬಂದ ಮಗು ಹೊಸ ಮನೆಯ ಹೊಸ್ತಿಲನ್ನು ದಾಟುವ ದಿನಕ್ಕೆ ಇದು ಸಾಲದು. ಅಂದು ತಾಯ್ತಂದೆಗಳಿಗೆ ಉತ್ಸವ. ಮಗುವಿಗೋ, ತಾನು ಬಲ್ಲ ಲೋಕವೆಲ್ಲವೂ ಹಿಂದೆ ಉಳಿದುಹೋದ ದಿನ. ಅದು ವಾತ್ಸಲ್ಯಕ್ಕೆ ಆಲಂಬನವಾಗಿರುವಂತೆಯೇ ಭಯಕ್ಕೂ ಶೋಕಕ್ಕೂ ತಾನೇ ಆಶ್ರಯವಾಗಿರುತ್ತದೆ. ಈ ಎರಡನ್ನೂ ಒಟ್ಟಿಗೆ ಕಾಣಬಲ್ಲವನಿಗೆ ಮಾತ್ರವೇ ಆ ದಿನದ ಕಥೆ ಒಲಿಯುವುದು.

ಕನ್ನಡ ವಾಚಕರಿಗೆ ಕರ್ಣನ ಕಥೆ ಹೊಸದಲ್ಲ. ಹೊಳೆಯಲ್ಲಿ ತೇಲಿಬಂದ ಶಿಶು ರಾಧೆಯ ಮಡಿಲನ್ನು ಸೇರಿದ ದಿನ ಕಾವ್ಯದಲ್ಲಿ ರಾಧೆಯ ಹರ್ಷದ ದಿನ. ಶಿಶುವಿನ ಪಾಲಿನ ಅರ್ಥವು ಹೊರಗೆ ಬರಬೇಕಾದರೆ ಯುದ್ಧದ ಮುನ್ನಾದಿನದವರೆಗೆ ಕಾಯಬೇಕಾಯಿತು. ತಾನಾರೆಂಬುದನ್ನು ಕೃಷ್ಣನ ಬಾಯಿಂದ ಕೇಳಿದ ಕರ್ಣನ ಸಂಕಟವು ಆ ಮೊದಲ ದಿನದ ಉಳಿದರ್ಧವೇ ಹೊರತು ಬೇರೆಯಲ್ಲ. ಈಚಿನ ಕಾಲದಲ್ಲಿ ಪರದೇಶದ ದತ್ತಕವನ್ನು ವಸ್ತುವಾಗಿ ಹಿಡಿದ ಕೃತಿಗಳಲ್ಲಿಯೂ ಇದೇ ವಿಳಂಬವನ್ನು ಕಾಣಬಹುದು.

ಈ ಬಗೆಯ ದತ್ತಕವು ದೊಡ್ಡ ಪ್ರಮಾಣದಲ್ಲಿ ಹಬ್ಬಿದುದು ಕೊರಿಯಾ ಯುದ್ಧದ ತರುವಾಯ. 1955ರಲ್ಲಿ ಅಮೇರಿಕದ ಆರೆಗನ್ ಪ್ರಾಂತದ ಹೋಲ್ಟ್ ದಂಪತಿಗಳು ಎಂಟು ಮಂದಿ ಕೊರಿಯಾದ ಮಕ್ಕಳನ್ನು ತಮ್ಮವರನ್ನಾಗಿ ಮಾಡಿಕೊಂಡರು. ಆ ಮೇಲಿನ ದಶಕಗಳಲ್ಲಿ ಆ ಒಂದು ನಾಡಿನಿಂದಲೇ ಸುಮಾರು ಎರಡು ಲಕ್ಷ ಮಕ್ಕಳು ಹೊರದೇಶಗಳಿಗೆ ಹೋದರು. ಭಾರತದಲ್ಲಿ 1984ರ ಲಕ್ಷ್ಮೀಕಾಂತ ಪಾಂಡೆ ಮೊಕದ್ದಮೆಯ ತೀರ್ಪಿನಿಂದ ಸುಪ್ರೀಂ ಕೋರ್ಟು ಇದಕ್ಕೆ ಕಟ್ಟುಪಾಡುಗಳನ್ನು ವಿಧಿಸಿತು. 1993ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳ ನಡುವೆ ಒಂದು ಒಡಂಬಡಿಕೆಯಾಯಿತು. ಸಾಹಿತ್ಯವು ಇವುಗಳ ಹಿಂದೆಯೇ, ತನ್ನದೇ ನಿಧಾನಗತಿಯಲ್ಲಿ, ನಡೆದು ಬಂದಿದೆ.

ಅಮೇರಿಕದ ಕಾದಂಬರಿಕರ್ತ್ರಿ ಆ್ಯನ್ ಟೈಲರ್ ಅವರ 'ಡಿಗ್ಗಿಂಗ್ ಟು ಅಮೇರಿಕ' 2006ರಲ್ಲಿ ಪ್ರಕಟವಾಯಿತು. ಕಥೆಯು ಮೊದಲಾಗುವುದು 1997ರ ಆಗಸ್ಟ್ ತಿಂಗಳ ಒಂದು ರಾತ್ರಿ, ಬಾಲ್ಟಿಮೋರ್ ನಗರದ ವಿಮಾನನಿಲ್ದಾಣದಲ್ಲಿ. ಕೊರಿಯಾದಿಂದ ಎರಡು ಹೆಣ್ಣು ಕೂಸುಗಳು ಒಂದೇ ವಿಮಾನದಲ್ಲಿ ಬರುತ್ತವೆ. ಒಂದು ಕೂಸಿಗಾಗಿ ಡೊನಾಲ್ಡ್‌ಸನ್ ಮನೆತನದವರು ನೆಂಟರಿಷ್ಟರ ದಂಡನ್ನೇ ಕಟ್ಟಿಕೊಂಡು, ಬೆಲೂನುಗಳನ್ನೂ ಚಿತ್ರ ತೆಗೆಯುವ ಯಂತ್ರಗಳನ್ನೂ ಹಿಡಿದು ನಿಂತಿದ್ದಾರೆ. ಇನ್ನೊಂದಕ್ಕಾಗಿ ಇರಾನಿನಿಂದ ಬಂದು ನೆಲಸಿದ ಯಜ್ದಾನ್ ಮನೆಯ ಮೂವರು ಒಂದು ಪಕ್ಕದಲ್ಲಿ ಸದ್ದಿಲ್ಲದೆ ಕಾದಿದ್ದಾರೆ: ಮಗ, ಸೊಸೆ, ಅತ್ತೆ ಮರ್ಯಮ್. ಒಬ್ಬರು ಕೂಸಿನ ಜಿನ್-ಹೋ ಎಂಬ ಹೆಸರನ್ನು ಜತನದಿಂದ ಉಳಿಸಿಕೊಳ್ಳುತ್ತಾರೆ. ಇನ್ನೊಬ್ಬರು ಸೂಕಿಯನ್ನು ಸೂಸನ್ ಎಂದು ಕರೆಯುತ್ತಾರೆ. ಇಷ್ಟರಲ್ಲಿಯೇ ಎರಡು ಮನೆಗಳ ಸ್ವಭಾವವೂ ವಾಚಕನಿಗೆ ಮನದಟ್ಟಾಗುವುದು. ಪರದೇಶದವರಾಗಿ ಬಂದವರು ಮಗುವಿಗೆ ಈ ನೆಲದ ಹೆಸರನ್ನಿಡುತ್ತಾರೆ, ಈ ನೆಲದವರು ಪರದೇಶದ ಹೆಸರನ್ನು ಆಭರಣದಂತೆ ಕಾಪಾಡುತ್ತಾರೆ ಎಂಬಲ್ಲಿ ಲೇಖಕಿಯ ವಿನೋದವು ಬಹು ಸೂಕ್ಷ್ಮವಾಗಿದೆ.

ಆ ದಿನದ ನೆನಪಿಗೆ ಎರಡು ಮನೆಗಳವರೂ ವರ್ಷಕ್ಕೊಮ್ಮೆ ಕೂಡಿ 'ಆಗಮನದ ಹಬ್ಬ'ವನ್ನು ನಡೆಸುತ್ತಾರೆ. ಅಂದು ತೆಗೆದ ಚಿತ್ರವನ್ನು ಮತ್ತೆ ನೋಡುತ್ತಾರೆ, ಹಾಡುತ್ತಾರೆ. ಮಕ್ಕಳಿಗೆ ಮಾತ್ರ ಆ ದಿನದ ಸ್ಮರಣೆಯೇ ಇಲ್ಲ. ತಮ್ಮ ಜೀವನದ ಅತಿ ಮುಖ್ಯವಾದ ದಿನವೆಂದು ಹಿರಿಯರು ಹೇಳುವುದನ್ನು ಅವು ಪರರ ಕಥೆಯಂತೆ ಕೇಳಬೇಕು. ಮುಂದೆ ಒಂದು ಅಧ್ಯಾಯವು ಜಿನ್-ಹೋ ಕಣ್ಣಿನಿಂದಲೇ ಸಾಗಿದರೂ ವಿಮಾನನಿಲ್ದಾಣದ ಆ ರಾತ್ರಿಯು ಹಿರಿಯರ ಸೊತ್ತಾಗಿಯೇ ಉಳಿಯುವುದು. ಇದು ಕಾದಂಬರಿಯ ಕೊರತೆಯೆಂದು ಎಣಿಸುವವರುಂಟು. ಆದರೆ ಲೇಖಕಿಯು ಮರ್ಯಮಳನ್ನು ಸುಮ್ಮನೆ ತಂದು ನಿಲ್ಲಿಸಿಲ್ಲ. ಎಷ್ಟು ವರ್ಷ ಕಳೆದರೂ ತಾನು ಈ ನಾಡಿನವಳಾದೆನೆ ಎಂಬ ಸಂಶಯವನ್ನು ಬಿಡಲಾರದ ಆ ವೃದ್ಧೆಯ ಬಿಗುಮಾನದಲ್ಲಿ, ಮಾತು ಬಾರದ ಕೂಸಿನ ಪರಕೀಯತೆಯೂ ಧ್ವನಿತವಾಗುತ್ತದೆ. ಮಗು ಆಡಲಾರದುದನ್ನು ಅಜ್ಜಿಯ ಬಾಳು ಆಡುವುದು. ಕೃತಿಯ ಹಿರಿಮೆ ಇರುವುದು ಇಲ್ಲಿ. ಎರಡು ಕುಟುಂಬಗಳ ಹಾಸ್ಯದಲ್ಲಿ ಮಾತ್ರವಲ್ಲ.

ಸರೂ ಬ್ರಯರ್ಲಿ ಅವರ 'ಎ ಲಾಂಗ್ ವೇ ಹೋಮ್' 2013ರಲ್ಲಿ ಹೊರಬಂದ ಆತ್ಮಕಥೆ. ಇಲ್ಲಿ ಮಾತನಾಡುವವನು ಆ ಮಗುವೇ. ಖಂಡ್ವಾ ಪಟ್ಟಣದ ಬಡ ಕೇರಿಯ ಐದು ವರ್ಷದ ಬಾಲಕನು 1986ರಲ್ಲಿ ಬುರ್ಹಾನ್‌ಪುರದ ರೈಲುನಿಲ್ದಾಣದಲ್ಲಿ ಅಣ್ಣನಿಂದ ಅಗಲಿ, ಬರಿಯ ರೈಲುಗಾಡಿಯಲ್ಲಿ ನಿದ್ದೆ ಹೋಗಿ, ಕಲ್ಕತ್ತೆಯನ್ನು ಸೇರಿದನು. ಅವನು ಹೇಳಿದ ಊರಿನ ಹೆಸರು ಯಾರಿಗೂ ತಿಳಿಯಲಿಲ್ಲ. ತನ್ನ ಹೆಸರನ್ನು ಕೂಡ ಅವನು ಸರಿಯಾಗಿ ಉಚ್ಚರಿಸಲಾರದೆ ಹೋಗಿ ಶೇರು ಎಂಬುದು ಸರೂ ಆಯಿತು. 1987ರಲ್ಲಿ ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದ ದಂಪತಿಗಳು ಅವನನ್ನು ದತ್ತು ತೆಗೆದುಕೊಂಡರು.

ಮೆಲ್ಬರ್ನ್ ವಿಮಾನನಿಲ್ದಾಣದಲ್ಲಿ ತಾಯ್ತಂದೆಗಳನ್ನು ಮೊದಲು ಕಂಡ ಪ್ರಸಂಗವೇ ಈ ಪುಸ್ತಕದ ಜೀವಾಳ. ಮೊದಲೇ ಕಳುಹಿಸಿದ್ದ ಚಿತ್ರಪುಸ್ತಕದಿಂದ ಬಾಲಕನಿಗೆ ಅವರ ಮುಖಗಳ ಪರಿಚಯವಿತ್ತು, ಭಾಷೆಯ ಪರಿಚಯವಿರಲಿಲ್ಲ. ಅವನ ಕೈಯಲ್ಲಿ ವಿಮಾನದಲ್ಲಿ ಕೊಟ್ಟ ಚಾಕೊಲೇಟಿನ ಚೂರೊಂದಿತ್ತು. ಅವರೊಡನೆ ಅವನಾಡಿದ ಮೊದಲ ಮಾತು ಆ ತಿಂಡಿಯ ಹೆಸರು: ಕ್ಯಾಡ್‌ಬರಿ. ಹೋಬಾರ್ಟ್ ನಗರದ ಬಳಿಯಲ್ಲಿಯೇ ಆ ತಿಂಡಿಯ ಕಾರ್ಖಾನೆಯಿದ್ದುದರಿಂದ ತಾಯ್ತಂದೆಗಳಿಗೆ ಆ ಶಬ್ದ ಚೆನ್ನಾಗಿ ತಿಳಿದಿತ್ತು. ಅಪ್ಪ, ಅಮ್ಮ ಎಂಬ ಮಾತುಗಳಿಗೆ ಮುಂಚೆ ಅಂಗಡಿಯ ಒಂದು ಸರಕಿನ ಹೆಸರು ಎರಡು ಲೋಕಗಳ ನಡುವೆ ಸೇತುವೆಯಾಯಿತು. ಕವಿಯೊಬ್ಬನು ಇದನ್ನು ಕಲ್ಪಿಸಿದ್ದರೆ ಕೃತಕವೆನ್ನಬಹುದಾಗಿತ್ತು. ನಡೆದುದಾದ್ದರಿಂದ ಓದುವವನಿಗೆ ನಗೆಯೂ ಕಂಬನಿಯೂ ಒಮ್ಮೆಗೇ ಬರುವುವು.

ಗ್ರಂಥದ ಶೈಲಿಯು ಸಾದಾ. ಲ್ಯಾರಿ ಬಟ್ರೋಸ್ ಎಂಬ ಬರಹಗಾರರ ನೆರವಿನಿಂದ ರಚಿತವಾದ ಇದರಲ್ಲಿ ಆರು ವರ್ಷದವನ ದಿಗ್ಭ್ರಮೆಯ ಮೇಲೆ ಮೂವತ್ತು ದಾಟಿದವನ ಕೃತಜ್ಞತೆಯ ಲೇಪವು ಅಲ್ಲಲ್ಲಿ ದಪ್ಪವಾಗಿಯೇ ಬಿದ್ದಿದೆ. ಅಂದು ಬಾಲಕನಿಗೆ ಆದ ಭಯವೆಷ್ಟು ಎಂಬುದನ್ನು ವಾಚಕನು ತಾನೇ ಊಹಿಸಿಕೊಳ್ಳಬೇಕು. ಆದರೂ ಒಂದು ಸಂಗತಿಯು ಈ ಕೊರತೆಯನ್ನು ತುಂಬಿಕೊಡುವುದು. ಸಾಕುತಾಯಿಯು ಅವನ ಕೋಣೆಯ ಗೋಡೆಗೆ ಭಾರತದ ಭೂಪಟವನ್ನು ತೂಗುಹಾಕಿದಳು. ಅವನಿಗೆ ಇಂಗ್ಲಿಷ್ ಬಂದ ಮೇಲೆ ಅವನು ಹೇಳಿದುದನ್ನು ಬರೆದಿಟ್ಟುಕೊಂಡಳು. ತನ್ನ ಹರ್ಷದ ಮನೆಯಲ್ಲಿ ಮಗನ ಶೋಕಕ್ಕೂ ಒಂದು ಗೋಡೆಯನ್ನು ಬಿಟ್ಟುಕೊಟ್ಟ ಹೃದಯವದು. ಇಪ್ಪತ್ತೈದು ವರ್ಷಗಳ ಮೇಲೆ, 2012ರಲ್ಲಿ, ಅವನು ಹೆತ್ತ ತಾಯಿಯನ್ನು ಕಂಡುದಕ್ಕೆ ಗೂಗಲ್ ಅರ್ಥ್ ಸಾಧನವಾಯಿತೆಂಬುದು ಲೋಕಪ್ರಸಿದ್ಧ; ಆ ಗೋಡೆಯ ಭೂಪಟಕ್ಕೂ ಅದರಲ್ಲಿ ಪಾಲುಂಟು.

ಮೂರನೆಯದು ಗ್ರಂಥವಲ್ಲ, ಚಲಚ್ಚಿತ್ರ. ಡಿಆ್ಯನ್ ಬೋರ್ಶೇ ಲೀಮ್ ಅವರ 'ಫಸ್ಟ್ ಪರ್ಸನ್ ಪ್ಲೂರಲ್' (2000). ಕನ್ನಡ ವ್ಯಾಕರಣದ ಮಾತಿನಲ್ಲಿ ಉತ್ತಮಪುರುಷ ಬಹುವಚನ. ಹೆಸರೇ ಅರ್ಥಗರ್ಭಿತ. 1966ರಲ್ಲಿ ಎಂಟು ವರ್ಷದ ಕಾಂಗ್ ಓಕ್ ಜಿನ್ ಎಂಬ ಬಾಲಿಕೆಯನ್ನು ಕೊರಿಯಾದ ಅನಾಥಾಲಯದವರು ಚಾ ಜುಂಗ್ ಹೀ ಎಂಬ ಬೇರೊಬ್ಬ ಬಾಲಿಕೆಯ ಹೆಸರಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಕಳುಹಿಸಿದರು. ಸಾಕುತಂದೆ ತೆಗೆದ ಮನೆಯ ಚಿತ್ರಗಳಲ್ಲಿ ಎಲ್ಲರೂ ನಗುವರು. ಆದರೆ ವಿಮಾನನಿಲ್ದಾಣದಲ್ಲಿ ತಾಯಿಯು ಮೊದಲು ಬೇರೊಂದು ಮಗುವಿನ ಬಳಿಗೆ ಹೋದಳೆಂದು ಅಕ್ಕನು ನೆನೆಯುವಾಗ, ಅದು ಅವಳಿಗೆ ಸಣ್ಣ ತಮಾಷೆ. ಕೇಳುತ್ತಿರುವ ತಂಗಿಗೆ ಹಾಗಲ್ಲ. ಪ್ರೀತಿಯಲ್ಲಿ ಕಪಟವಿರಲಿಲ್ಲ, ಕಾಗದಪತ್ರಗಳಲ್ಲಿ ಇತ್ತು. ಇಂತಹ ಸುಳ್ಳು ದಾಖಲೆಗಳು ಒಂದೆರಡಲ್ಲವೆಂಬುದನ್ನು 2025ರಲ್ಲಿ ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗವೇ ಒಪ್ಪಿ ಹೇಳಿತು. ಒಬ್ಬಳ ಒಳಗೆ ಹಲವರು ಇರುವ ಅವಸ್ಥೆಗೆ ಬಹುವಚನಕ್ಕಿಂತ ತಕ್ಕ ಹೆಸರು ದೊರೆಯದು.

ಮೂರನ್ನೂ ತೂಗಿ ನೋಡಿದರೆ, ಕಲೆಯ ಪಕ್ವತೆಯಲ್ಲಿ ಟೈಲರ್ ಅವರ ಕಾದಂಬರಿಯೇ ಮೇಲು. ಸತ್ಯದ ತೀಕ್ಷ್ಣತೆಯಲ್ಲಿ ಚಲಚ್ಚಿತ್ರವನ್ನು ಮೀರಿಸುವುದು ಇಲ್ಲ. ಬ್ರಯರ್ಲಿ ಅವರ ಪುಸ್ತಕವು ಎರಡರ ನಡುವೆ ನಿಂತು, ಶೈಲಿಯಲ್ಲಿ ಬಡವಾಗಿದ್ದರೂ, ತಾಯ್ತಂದೆಗಳು ಹೇಗೆ ಬರಮಾಡಿಕೊಳ್ಳಬಹುದೆಂಬುದಕ್ಕೆ ಉದಾಹರಣೆಯಾಗಿದೆ. ದತ್ತಕದ ಮೊದಲ ದಿನವನ್ನು ಬರೆಯಹೊರಡುವ ಕನ್ನಡದ ಕಥೆಗಾರರು ಮುಂದೆ ಹುಟ್ಟಿದಲ್ಲಿ, ಬಾಗಿಲಲ್ಲಿ ಆರತಿ ಹಿಡಿದು ನಿಂತವರ ಮುಖದ ಬೆಳಕನ್ನು ಅವರು ಧಾರಾಳವಾಗಿ ವರ್ಣಿಸಲಿ. ಆದರೆ ಆ ಬೆಳಕಿಗೆ ಕಣ್ಣು ಕುಕ್ಕಿ ಮುಖ ತಿರುಗಿಸಿದ ಮಗುವಿನ ಕಡೆಗೂ ಒಮ್ಮೆ ನೋಡಲಿ. ಆಗಲೇ ವಾತ್ಸಲ್ಯವು ಪೂರ್ಣರಸವಾಗುವುದು.