ಬೆರಳು ಕಳೆದುಕೊಂಡವನ ಪ್ರಯೋಗ

ಗಟ್ಟಿಯಾಗಿ ಕೂಗುವವನಿಗೆ ಪ್ರಯೋಗ ಗೊತ್ತಿಲ್ಲ ಎಂಬುದು ವಿಮರ್ಶಕ ಮಹಾಶಯರ ಹಳೆಯ ನಂಬಿಕೆ. ಕೂಗೋದು ಹಸಿದವನ ಕೆಲಸ, ಪ್ರಯೋಗ ಮಾಡೋದು ಹೊಟ್ಟೆ ತುಂಬಿದವನ ವಿದ್ಯೆ! ಈ ನಂಬಿಕೆಯನ್ನು ತಟ್ಟಿ ನೋಡಲೆಂದೇ ಇಂಗ್ಲೆಂಡಿನ ನಾಲ್ಕು ಜನ ದುಡಿಯುವ ಮನೆಯ ಹುಡುಗರ ಒಂದು ಆಲ್ಬಮನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ. ತಂಡದ ಹೆಸರು ಬ್ಲ್ಯಾಕ್ ಸಬ್ಬತ್. ಆಲ್ಬಮ್ 1973ರ ಕೊನೆಗೆ ಬಂದ ‘ಸಬ್ಬತ್ ಬ್ಲಡಿ ಸಬ್ಬತ್’. ದೆವ್ವ, ಶಿಲುಬೆ, ಗದ್ದಲ, ಅಷ್ಟೇ ಅಲ್ವೇನ್ರೀ ಅಂತ ಮೂಗು ಮುರಿಯುವ ಗೆಳೆಯರು ಸ್ವಲ್ಪ ತಾಳಬೇಕು. ಹಾಸ್ಟೆಲಿನ ಗೆಳೆಯನೊಬ್ಬನ ಫೋನಿನಲ್ಲಿ ಮೊದಲ ಸಲ ಕೇಳಿದಾಗ ನಾವೂ ಹಾಗೇ ಅಂದುಕೊಂಡಿದ್ದೆವು.

ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಎಂಬ ಕಡೆಯವರು ಇವರು. ಯುದ್ಧದ ಬಾಂಬು ಬಿದ್ದ ಜಾಗಗಳು ಇನ್ನೂ ಹಾಳು ಬಿದ್ದಿದ್ದ ಕಾಲದಲ್ಲಿ, ಕಾರ್ಖಾನೆಯ ಸದ್ದಿನಲ್ಲೇ ಬೆಳೆದವರು. ಹಾಡುಗಾರ ಆಝಿ ಆಸ್ಬರ್ನ್ ಕಸಾಯಿಖಾನೆಯಲ್ಲಿ ದುಡಿದವನು, ಕಳ್ಳತನದಲ್ಲಿ ಸಿಕ್ಕಿಬಿದ್ದು ಜೈಲು ಕಂಡವನು. ಗಿಟಾರಿನ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಕೂಲಿ. 1965ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಕೆಲಸ ಬಿಟ್ಟುಹೋಗುವ ಕೊನೆಯ ದಿನವೇ ಯಂತ್ರ ಅವನ ಬಲಗೈಯ ಎರಡು ಬೆರಳುಗಳ ತುದಿ ಕಡಿದುಕೊಂಡಿತು. ಅವನು ಎಡಚ. ಅಂದರೆ ತಂತಿ ಒತ್ತುವ ಕೈಯೇ ಹೋಯಿತು. ಏಕಲವ್ಯನ ನೆನಪು ಯಾರಿಗೂ ಬರುತ್ತದೆ. ಆದರೆ ಇಲ್ಲಿ ಬೆರಳು ಕೇಳಿದ್ದು ಗುರುವಲ್ಲ, ಮಾಲೀಕನ ಮಿಷನ್ನು. ಅದಕ್ಕೆ ದಕ್ಷಿಣೆ ಎಂಬ ಹೆಸರೂ ಇಲ್ಲ.

ಇನ್ನು ಗಿಟಾರು ಮುಗೀತು ಅಂತ ಕೂತಿದ್ದ ಹುಡುಗನಿಗೆ ಅದೇ ಕಾರ್ಖಾನೆಯ ಮೇಲಾಳೊಬ್ಬ ಜಾಂಗೋ ರೈನ್‌ಹಾರ್ಟನ ರೆಕಾರ್ಡು ಕೇಳಿಸಿದ. ಆತ ಬೆಂಕಿಯಲ್ಲಿ ಕೈ ಸುಟ್ಟುಕೊಂಡು, ಎರಡೇ ಬೆರಳಿನ ಬಲದಲ್ಲಿ ಗಿಟಾರು ನುಡಿಸಿದ ಜಿಪ್ಸಿ ಕಲಾವಿದ. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮದ ತುಂಡು ಅಂಟಿಸಿದ. ಬಿಗಿ ತಂತಿ ಒತ್ತಿದರೆ ನೋವು. ಅದಕ್ಕೆ ತೆಳು ತಂತಿ ಹಾಕಿದ. ಮುಂದೆ 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ತಂತಿಯನ್ನೇ ಸಡಿಲಿಸಿ ಸ್ವರವನ್ನು ಕೆಳಕ್ಕೆ ಇಳಿಸಿದ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ ಸ್ವರ ಏರಿಸೋದು ನಮಗೆ ಗೊತ್ತು. ಈತ ಮಾಡಿದ್ದು ಅದರ ತಿರುಗು. ಸಡಿಲಾದ ತಂತಿಯಿಂದ ನೆಲ ಗುಡುಗಿದ ಹಾಗೆ ಒಂದು ಸದ್ದು ಬಂತು. ಇವತ್ತು ಜಗತ್ತಿನಲ್ಲಿ ಹೆವಿ ಮೆಟಲ್ ಅಂತ ಕರೆಸಿಕೊಳ್ಳುವುದರ ಬುಡ ಅಲ್ಲಿದೆ.

ಇದು ಪ್ರಯೋಗ ಅಲ್ಲವೇ? ಅಲ್ಲ ಅಂದರು. ಒಂದೇ ದಿನದಲ್ಲಿ ಧ್ವನಿಮುದ್ರಿಸಿ 1970ರಲ್ಲಿ ತಂದ ಮೊದಲ ಆಲ್ಬಮನ್ನು ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಹೀಗಳೆದ. ಕೊಂಡವರು ಮಾತ್ರ ಲಕ್ಷಗಟ್ಟಲೆ. ಆಮೇಲೆ 1973ರಲ್ಲಿ ಪಿಟೀಲುಗಳು, ಪಿಯಾನೋ, ಸಿಂಥಸೈಜರ್ ಎಲ್ಲ ಸೇರಿದ ಆಲ್ಬಮ್ ಬಂದ ಕೂಡಲೇ ಅದೇ ಪತ್ರಿಕೆ ಹೊಗಳಿತು! ಗಾಯದಿಂದ ಹುಟ್ಟಿದ ಪ್ರಯೋಗ ಕಣ್ಣಿಗೆ ಬೀಳಲಿಲ್ಲ, ಪಿಟೀಲು ಬಂದ ಮೇಲೆ ಬಿತ್ತು. ನಮ್ಮ ತಕರಾರು ಈ ಕಣ್ಣಿನ ಬಗ್ಗೆ. ಆ ಹೊಗಳಿಕೆಯ ಗುಂಗನ್ನು ಕೊಡವಿ ಆಲ್ಬಮನ್ನು ಕೇಳಬೇಕು.

ಹಿಂದಿನ ವರ್ಷ ಲಾಸ್ ಏಂಜಲೀಸ್‌ನಲ್ಲಿ ಕೊಕೇನಿನ ಅಮಲಿನಲ್ಲಿ ಒಂದು ಆಲ್ಬಮ್ ಮುಗಿಸಿದ್ದರು. 1973ರಲ್ಲಿ ಮತ್ತೆ ಅಲ್ಲಿಗೇ ಹೋದಾಗ ಅಯೋಮಿಗೆ ಏನೂ ಹೊಳೆಯಲಿಲ್ಲ. ಊರಿಗೆ ವಾಪಸು ಬಂದು ಕ್ಲಿಯರ್‌ವೆಲ್ ಎಂಬ ಕೋಟೆಮನೆಯ ನೆಲಮಾಳಿಗೆಯಲ್ಲಿ ಕೂತರು. ಶೀರ್ಷಿಕೆ ಹಾಡಿನ ರಿಫ್, ಅಂದರೆ ಮರಳಿ ಮರಳಿ ಬರುವ ಗಿಟಾರಿನ ಆ ವರಸೆ, ಅಲ್ಲಿ ಸಿಕ್ಕಿತು. ಈ ಹಾಡನ್ನು ನಾವು ಹತ್ತಾರು ಸಲ ಕೇಳಿದ್ದೇವೆ. ಭಾರವಾದ ವರಸೆ ಬರುತ್ತದೆ, ಇದ್ದಕ್ಕಿದ್ದಂತೆ ನಿಲ್ಲುತ್ತದೆ, ವಿದ್ಯುತ್ತಿಲ್ಲದ ಗಿಟಾರಿನ ಮೆದು ನುಡಿತ ಮೇಲೇಳುತ್ತದೆ. ಜೋಗುಳ ಅನ್ನಿಸುತ್ತದೆ. ಆ ಮೆದುತನವನ್ನು ನಂಬಿ ಕೂತವರ ತಲೆ ಮೇಲೆ ಕೊನೆಯಲ್ಲಿ ಇನ್ನೂ ಕೆಳಗಿನ, ಇನ್ನೂ ಭಾರದ ಮತ್ತೊಂದು ವರಸೆ ಬಂದು ಕೂರುತ್ತದೆ. ಇಲ್ಲಿ ಮೆದು ಎಂಬುದು ಸಿಟ್ಟಿನ ಜೊತೆ ಮಾಡಿಕೊಂಡ ರಾಜಿ ಅಲ್ಲ. ಸಿಟ್ಟಿನ ತೂಕ ತೋರಿಸುವ ತಕ್ಕಡಿಯ ಇನ್ನೊಂದು ತಟ್ಟೆ.

‘ಸಬ್ರಾ ಕಡಾಬ್ರಾ’ದಲ್ಲಿ ಪಿಯಾನೋ ನುಡಿಸಿದವನು ರಿಕ್ ವೇಕ್‌ಮನ್. ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಕಲಿತವನು, ‘ಯೆಸ್’ ತಂಡದವನು. ಹಣ ಬೇಡ ಅಂದ, ಬಿಯರ್ ಕುಡಿದು ನುಡಿಸಿಕೊಟ್ಟ. ಆ ಪಿಯಾನೋ ಹಾಡಿನ ತಲೆ ಮೇಲೆ ಹತ್ತಿ ಕೂತಿಲ್ಲ, ಪಕ್ಕದಲ್ಲಿ ಕೂತು ಉಂಡಿದೆ. ಕೊನೆಯ ಹಾಡು ‘ಸ್ಪೈರಲ್ ಆರ್ಕಿಟೆಕ್ಟ್’ನಲ್ಲಿ ಪಿಟೀಲುಗಳ ಮೇಳವೇ ಇದೆ. ಬಿಲ್ ವಾರ್ಡ್‌ನ ಡ್ರಮ್ಮು ಜಾಗ ಬಿಟ್ಟುಕೊಡದೆ ನಿಂತಿರುವುದರಿಂದ ಅದು ಗೆದ್ದಿದೆ. ‘ಹೂ ಆರ್ ಯೂ’ ಮಾತ್ರ ನಮಗೆ ಹಿಡಿಸಲಿಲ್ಲ. ಸಿಂಥಸೈಜರ್ ಕೊಂಡವನು ಅದರ ಗುಂಡಿ ಒತ್ತಿ ನೋಡುವ ಖುಷಿ ಅಲ್ಲಿದೆ, ಅಷ್ಟೇ. ‘ಫ್ಲಫ್’ ಇಂಪಾಗಿದೆ, ಮಾತಿಲ್ಲದ ಅದರ ಗಿಟಾರು ಕೇಳುವಾಗೆಲ್ಲ ಪ್ಲಾಸ್ಟಿಕ್ ಟೊಪ್ಪಿಗೆಯ ಆ ಬೆರಳು ನೆನಪಾಗಿ ಅದನ್ನು ಬೈಯಲು ನಮ್ಮಿಂದ ಆಗೋದಿಲ್ಲ. ‘ಕಿಲ್ಲಿಂಗ್ ಯುವರ್‌ಸೆಲ್ಫ್ ಟು ಲಿವ್’ ಬೇರೆಯದೇ ಮಾತು. ಹೆಚ್ಚಿನ ಹಾಡುಗಳ ಮಾತು ಬರೆಯುತ್ತಿದ್ದ ಗೀಜರ್ ಬಟ್ಲರ್ ಕುಡಿತದಿಂದ ಕಿಡ್ನಿ ಕೆಡಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿ ಬರೆದದ್ದು. ಬದುಕೋದಕ್ಕಾಗಿ ಸಾಯೋದು ಎಂಬುದು ಆಸ್ಟನ್ನಿನ ಕಾರ್ಖಾನೆಗಳಲ್ಲಿ ಅವರು ಕಂಡಿದ್ದೇ. ಈಗ ಅದು ಹಣ, ಹೆಸರು ಬಂದ ಮೇಲೂ ಬೆನ್ನು ಬಿಟ್ಟಿಲ್ಲ.

ಗೆಳೆಯರು ಕೆಲವರು ವಾದಿಸುತ್ತಾರೆ: ಕೂಲಿಯ ಮಗನಿಗೆ ಪಿಟೀಲು ಯಾಕೆ, ಅವನ ಗುಡುಗೇ ಸಾಕು. ನಾವು ಒಪ್ಪುವುದಿಲ್ಲ. ಇದು ಮೇಲಿನವರ ಮಾತೇ, ನಮ್ಮ ಬಾಯಿಂದ ಬಂದಿದೆ ಅಷ್ಟೇ. ಕವಿತೆ ಬರೆಯುವ ನಮಗೂ ಹೇಳುವವರಿದ್ದಾರೆ: ‘ನಿಮ್ಮ ಸಿಟ್ಟು ಚೆನ್ನಾಗಿದೆ, ಅದನ್ನೇ ಬರೀರಪ್ಪ.’ ಪ್ರೀತಿ ಬರೆದರೆ ‘ದಾರಿ ತಪ್ಪಿದ’, ಇಲ್ಲವೇ ‘ಮಾಗಿದ’. ಎರಡನ್ನೂ ಅವರೇ ತೀರ್ಮಾನಿಸೋದು.

ಹಾಗಂತ ಹೊಸದು ಮಾಡಿದ್ದೆಲ್ಲ ಸರಿ ಅಂತಲ್ಲ. ಇದೇ ತಂಡ 1976ರಲ್ಲಿ ಮಯಾಮಿಯಲ್ಲಿ ಮಾಡಿದ ‘ಟೆಕ್ನಿಕಲ್ ಎಕ್ಸ್ಟಸಿ’ಯಲ್ಲಿ ಪಿಟೀಲೂ ಇದೆ, ಕೀಬೋರ್ಡೂ ಇದೆ, ಕಾಲದ ಜೊತೆ ಓಡುವ ಏದುಸಿರೂ ಇದೆ. 1978ರ ‘ನೆವರ್ ಸೇ ಡೈ!’ಯಲ್ಲಿ ತುತ್ತೂರಿಗಳೂ ಬಂದವು. 1973ರಲ್ಲಿ ಅವರಿಗೆ ಬೇಕಾದದ್ದನ್ನು ಅವರು ಕರೆದು ಕೂರಿಸಿಕೊಂಡಿದ್ದರು. ಇಲ್ಲಿ ಬಂದವರಿಗೆಲ್ಲ ಎದ್ದು ಜಾಗ ಬಿಡುತ್ತಾ ಹೋದರು. 1979ರಲ್ಲಿ ಆಝಿಯನ್ನೇ ಹೊರಗೆ ಹಾಕಿದರು.

2025ರ ಜುಲೈ 5ರಂದು ಆ ನಾಲ್ವರೂ ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಕಡೆಯ ಸಲ ಕೂಡಿದರು. ಆಝಿಗೆ ನಿಲ್ಲಲು ಆಗುತ್ತಿರಲಿಲ್ಲ, ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದ. ಹದಿನೇಳು ದಿನದ ಮೇಲೆ ತೀರಿಕೊಂಡ. ಅವತ್ತು ನಾಲ್ವರೂ ಸೇರಿ ನುಡಿಸಿದ್ದು ನಾಲ್ಕೇ ಹಾಡು, ನಾಲ್ಕೂ 1970ರವು. ‘ಸಬ್ಬತ್ ಬ್ಲಡಿ ಸಬ್ಬತ್’ ಹಾಡನ್ನು ಅದೇ ಮೈದಾನದಲ್ಲಿ ಅದಕ್ಕೂ ಮೊದಲು ಗನ್ಸ್ ಎನ್ ರೋಸಸ್ ತಂಡದವರು ನುಡಿಸಿ ಹೋಗಿದ್ದರು.