ಕೆನೆಡಿಯ ಮೇಜಿನ ಸುತ್ತ ಕೂತವರು

ಸಂಕೀರ್ಣತಾ ಸಿದ್ಧಾಂತವನ್ನು ಅಮೆರಿಕದ ಅಧ್ಯಕ್ಷರಿಗೆ ಅನ್ವಯಿಸುವವರು ಬೇಗನೆ ಬಂದು ನಿಲ್ಲುವುದು ಜಾನ್ ಕೆನೆಡಿಯ ಬಳಿ. ಯಾಕೆಂಬುದು ಗೊತ್ತಿರುವ ಸಂಗತಿಯೇ. ಒಬ್ಬನೇ ಮನುಷ್ಯ, ಒಂದೇ ದೇಶದ ವಿಚಾರದಲ್ಲಿ, ಹದಿನೆಂಟು ತಿಂಗಳ ಅಂತರದಲ್ಲಿ ಒಮ್ಮೆ ಮುಗ್ಗರಿಸಿದ, ಒಮ್ಮೆ ಗೆದ್ದ. 1961ರ ಏಪ್ರಿಲ್‌ನಲ್ಲಿ ಬೇ ಆಫ್ ಪಿಗ್ಸ್, 1962ರ ಅಕ್ಟೋಬರ್‌ನಲ್ಲಿ ಕ್ಷಿಪಣಿ ಬಿಕ್ಕಟ್ಟು. ಮನುಷ್ಯನ ಸ್ವಭಾವ ಬದಲಾಗಿರಲಿಲ್ಲ, ಅವನ ಸುತ್ತಲಿನ ವ್ಯವಸ್ಥೆ ಬದಲಾಗಿತ್ತು ಅನ್ನುವುದು ಇವರ ವಾದ.

ಈ ಸಿದ್ಧಾಂತದ ಹೇಳಿಕೆ ಸರಳವಾಗಿದೆ. ದೊಡ್ಡ ಸಂಸ್ಥೆಯಲ್ಲಿ ಮೇಲಿನವರ ಅಪ್ಪಣೆ ಕೆಳಗಿಳಿಯುವಾಗ ರೂಪ ಬದಲಿಸುತ್ತದೆ. ಹಾಗಾಗಿ ನಾಯಕನಾದವನು ಬೇರೆಬೇರೆ ದನಿಗಳು ಒಂದಕ್ಕೊಂದು ತಾಕುವಂತೆ ಜಾಗ ಮಾಡಿಕೊಡಬೇಕು, ಉತ್ತರ ಅಲ್ಲಿಂದಲೇ ಹುಟ್ಟುತ್ತದೆ. 2007ರಲ್ಲಿ ಉಲ್-ಬೀನ್, ಮೇರಿಯನ್, ಮೆಕೆಲ್ವಿ ಸೇರಿ ಬರೆದ ಪ್ರಬಂಧ ಇದಕ್ಕೊಂದು ಶಾಸ್ತ್ರೀಯ ರೂಪ ಕೊಟ್ಟಿತು. ನಮ್ಮಲ್ಲಿ ಐಟಿ ಕೆಲಸದಲ್ಲಿರುವವರಿಗೆ ಇದರ ತೆಳು ಆವೃತ್ತಿ ಟ್ರೇನಿಂಗ್ ಸ್ಲೈಡುಗಳಲ್ಲಿ ಸಿಕ್ಕೇ ಇರುತ್ತದೆ.

ಅಪ್ಪಣೆಯ ವಿಚಾರದಲ್ಲಿ ಸಿದ್ಧಾಂತ ಹೇಳುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. 1962ರ ಅಕ್ಟೋಬರ್ 27, ಶನಿವಾರವನ್ನೇ ನೋಡಿ. ಜಗತ್ತು ಅಣುಯುದ್ಧದ ಅಂಚಿನಲ್ಲಿದ್ದಾಗ ಅಮೆರಿಕದ ಒಂದು ಯು-2 ವಿಮಾನ ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ನುಗ್ಗಿತು. ಅದೇ ದಿನ ಕ್ಯೂಬಾದ ಮೇಲೆ ಇನ್ನೊಂದು ಯು-2 ಉರುಳಿತು. ಹೊಡೆಯಲು ಹೇಳಿದವರು ಅಲ್ಲಿದ್ದ ಸೋವಿಯತ್ ಸೇನಾಧಿಕಾರಿಗಳು, ಮಾಸ್ಕೋ ಅಲ್ಲ. ಕೆನೆಡಿಯಾಗಲಿ ಕ್ರುಶ್ಚೇವ್ ಆಗಲಿ ಬಯಸದೇ ಇದ್ದ ಯುದ್ಧ ಆ ದಿನ ತಾನಾಗಿಯೇ ಶುರುವಾಗಬಹುದಿತ್ತು. ನಾಯಕನ ಗುಣಗಾನದ ಜೀವನಚರಿತ್ರೆಗಳಿಗೆ ಇದನ್ನು ವಿವರಿಸಲು ಬರುವುದಿಲ್ಲ.

ನನ್ನ ತಕರಾರು ಇರುವುದು ‘ಜಾಗ ಮಾಡಿಕೊಡುವ’ ಭಾಗದಲ್ಲಿ. ಕೆನೆಡಿ ಅಧಿಕಾರಕ್ಕೆ ಬಂದೊಡನೆ ಐಸೆನ್‌ಹೋವರ್ ಕಟ್ಟಿದ್ದ ರಾಷ್ಟ್ರೀಯ ಭದ್ರತಾ ಮಂಡಳಿಯ ಬಿಗಿ ಚೌಕಟ್ಟನ್ನು ಕಳಚಿದ. ನಿರ್ಧಾರಗಳ ಜಾರಿಯನ್ನು ಸಮನ್ವಯಗೊಳಿಸುತ್ತಿದ್ದ ಮಂಡಳಿಯನ್ನು 1961ರ ಫೆಬ್ರವರಿಯಲ್ಲೇ ರದ್ದು ಮಾಡಿದ. ಸಡಿಲ, ಅನೌಪಚಾರಿಕ, ಚುರುಕು: ಸಿದ್ಧಾಂತ ಮೆಚ್ಚುವ ಗುಣಗಳೆಲ್ಲ ಇದ್ದವು. ಎರಡು ತಿಂಗಳಲ್ಲಿ ಬೇ ಆಫ್ ಪಿಗ್ಸ್ ನಡೆಯಿತು. ಸಡಿಲತೆ ಆಗ ಪ್ರಶ್ನೆಗಳನ್ನು ಹುಟ್ಟಿಸಲಿಲ್ಲ, ಇದ್ದ ಪ್ರಶ್ನೆಗಳೂ ಅದರಲ್ಲಿ ಸೋರಿಹೋದವು. ಇನ್ನು 1962ರಲ್ಲಿ ಕೆನೆಡಿ ಕೆಲವು ಸಭೆಗಳಿಂದ ದೂರ ಉಳಿದು ಸಲಹೆಗಾರರು ಬಿಚ್ಚಿ ಮಾತಾಡಲು ಬಿಟ್ಟದ್ದು ನಿಜ. ಆದರೆ ಅದೇ ವಾರ ಸಮುದ್ರದಲ್ಲಿ ಯಾವ ಹಡಗನ್ನು ತಡೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನೂ ಅವನ ಆಡಳಿತ ನೌಕಾಪಡೆಯ ಕೈಗೆ ಬಿಡಲಿಲ್ಲ. ಸಿದ್ಧಾಂತದ ಉತ್ಸಾಹಿಗಳು ಮೊದಲಿನದನ್ನು ಉದ್ದಕ್ಕೆ ಬರೆಯುತ್ತಾರೆ, ಎರಡನೆಯದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಬಿಕ್ಕಟ್ಟು ಬಗೆಹರಿದದ್ದು ಆ ಮುಕ್ತ ಚರ್ಚೆಯಿಂದ ಮಾತ್ರವಲ್ಲ. 27ರ ಸಂಜೆ ಕೆನೆಡಿ ಬೆರಳೆಣಿಕೆಯ ಜನರನ್ನು ತನ್ನ ಕಚೇರಿಗೆ ಕರೆದ. ಟರ್ಕಿಯಲ್ಲಿದ್ದ ಜುಪಿಟರ್ ಕ್ಷಿಪಣಿಗಳನ್ನು ತೆಗೆಯುವ ಗುಟ್ಟಿನ ಮಾತನ್ನು ತಮ್ಮ ರಾಬರ್ಟ್ ಸೋವಿಯತ್ ರಾಯಭಾರಿ ಡೊಬ್ರಿನಿನ್‌ಗೆ ಮುಟ್ಟಿಸಿದ. ದಿನಗಟ್ಟಲೆ ಮೇಜಿನ ಸುತ್ತ ಕೂತು ವಾದಿಸಿದ ಸಮಿತಿಯ ಉಳಿದವರಿಗೆ ಇದು ಗೊತ್ತೇ ಇರಲಿಲ್ಲ. ರಾಬರ್ಟ್ ಕೆನೆಡಿಯ ಪುಸ್ತಕದಿಂದ ಈ ಒಪ್ಪಂದದ ಸುಳಿವನ್ನು ತಾನೇ ತಿದ್ದಿ ತೆಗೆದೆನೆಂದು ಸೊರೆನ್ಸನ್ 1989ರಲ್ಲಿ ಒಪ್ಪಿಕೊಂಡ. ಅಷ್ಟರೊಳಗೆ ಇರ್ವಿಂಗ್ ಜಾನಿಸ್ ತನ್ನ 1972ರ ಪುಸ್ತಕದಲ್ಲಿ ಆ ಸಮಿತಿಯನ್ನು ಒಳ್ಳೆಯ ಸಾಮೂಹಿಕ ನಿರ್ಧಾರದ ಮಾದರಿಯಾಗಿ ಮೆರೆಸಿಯಾಗಿತ್ತು. ಇವತ್ತಿನ ಸಂಕೀರ್ಣತಾವಾದಿಗಳು ಓದುತ್ತಿರುವುದು ಬಹುಪಾಲು ಆ ಹಳೆಯ ಚಿತ್ರವನ್ನೇ, ಹೊಸ ಪದಗಳಲ್ಲಿ.

ಎಲ್ಲ ದನಿಗಳೂ ಕೂಡಿ ಉತ್ತರ ಹುಟ್ಟುತ್ತದೆ ಅನ್ನುವ ಸಿದ್ಧಾಂತದಲ್ಲಿ, ಉತ್ತರವನ್ನು ಕೆಲವರಿಂದ ಬಚ್ಚಿಡುವ ನಾಯಕನಿಗೆ ಎಲ್ಲಿ ಜಾಗ? ಆ ಸಂಜೆ ಕಚೇರಿಯೊಳಗೆ ಇಲ್ಲದವರಲ್ಲಿ ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಒಬ್ಬ. ಕೊಟ್ಟು ತೆಗೆದುಕೊಂಡು ಮುಗಿದ ವ್ಯವಹಾರ ಅವನ ಕಣ್ಣಿಗೆ ಗಟ್ಟಿಯಾಗಿ ನಿಂತು ಗೆದ್ದಂತೆ ಕಂಡಿತು ಎನ್ನುವ ಇತಿಹಾಸಕಾರರಿದ್ದಾರೆ. ಹದಿಮೂರು ತಿಂಗಳ ನಂತರ ಅಧ್ಯಕ್ಷನಾದವನು ಅವನೇ, ಅವನ ಮೇಜಿನ ಮೇಲೆ ಬಂದು ಕೂತದ್ದು ವಿಯೆಟ್ನಾಂ.